ಮನೆಗೊಂದು ಆಳು

ಕಮಲಾಪುರದ ಗಾಯತ್ರಿ ಬಿ.ಕಾಂ. ಮುಗಿಸಿದ್ದಾಳೆ ಎಂದು ಯಾರಾದರೂ ಹೇಳಿದರೆ ಅವಳ ಅತ್ತೆ ತಾಯಕ್ಕ ಅಷ್ಟಕ್ಕೇ ಬಿಡುವುದಿಲ್ಲ. "ಆಕಿ ಒಬ್ಬಾಕಿ ಎಲ್ಲಿ ಮುಗಿಸ್ಯಾಳ? ನಾವು ಹನ್ನೆರಡು ಮನಿಯವ್ರು ಕೂಡಿ ಮುಗಿಸೀವಿ," ಎನ್ನುತ್ತಾಳೆ. ಕೇಳಿದವರು ನಗುತ್ತಾರೆ. ಗಾಯತ್ರಿ ನಗುವುದಿಲ್ಲ. ಅತ್ತೆ ಹೇಳುವುದು ನಿಜವೆಂದು ಅವಳಿಗೆ ಗೊತ್ತು. ತಿದ್ದಬೇಕಾದದ್ದು ಒಂದೇ. ಅವಳ ಕೊನೆಯ ಪರೀಕ್ಷೆಯ ಹಿಂದಿನ ದಿನದವರೆಗೂ ಅತ್ತೆಯ ನಾಟಿ ಗುಂಪಿನಲ್ಲಿ ಇದ್ದದ್ದು ಹನ್ನೊಂದೇ ಮನೆ.

ಗಾಯತ್ರಿಯ ತವರು ಕಂಪ್ಲಿ. ಅಪ್ಪ ಅಂಜಿನಯ್ಯ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲಿ. ಅವಳಿಗಿಂತ ಮುಂಚೆ ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವರು ಯಾರೂ ಇರಲಿಲ್ಲ. ಪಿಯುಸಿ ಆದ ಮೇಲೆ ಅವಳು ಹೊಸಪೇಟೆಯ ಕಾಲೇಜಿಗೆ ಸೇರಿ ದಿನಾ ಬಸ್ಸಿನಲ್ಲಿ ಓಡಾಡಿದಳು. ಮೊದಲ ವರ್ಷ ಬಸ್ಸಿನ ಹಿಂದಿನ ಸೀಟುಗಳೆಲ್ಲ ಕಾಲೇಜಿನ ಹುಡುಗಿಯರಿಂದ ತುಂಬಿರುತ್ತಿದ್ದವು. ಎರಡನೆಯ ವರ್ಷ ಕೂರಲು ಜಾಗ ಸಿಗತೊಡಗಿತು. ಒಬ್ಬಳಿಗೆ ಮದುವೆಯಾಯಿತು. ಒಬ್ಬಳ ತಾಯಿಗೆ ಆಪರೇಷನ್ ಆಗಿ ಅಡುಗೆಮನೆ ಅವಳ ಪಾಲಿಗೆ ಬಂತು. ಇನ್ನೊಬ್ಬಳು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಕಾಲೇಜು ಬಿಡುತ್ತೇನೆ ಎಂದು ಹೇಳಿ ಬಿಟ್ಟವರು ಯಾರೂ ಇಲ್ಲ. ಗೆಳತಿ ಸ್ನೇಹಾಳಿಗೆ ಒಂದೇ ಒಂದು ಪೇಪರಿಗೆ ಬರಲಾಗಲಿಲ್ಲ. ಮುಂದಿನ ವರ್ಷ ಬರೆದರಾಯಿತು ಎಂದಿದ್ದಳು. ಮುಂದಿನ ವರ್ಷ ಅವಳ ಮಡಿಲಲ್ಲಿ ಕೂಸಿತ್ತು.

ಅದನ್ನು ನೋಡಿದ ಮೇಲೆ ಗಾಯತ್ರಿ ಒಂದು ಮಾತನ್ನು ಗಟ್ಟಿ ಮಾಡಿಕೊಂಡಳು. ಏನೇ ಆಗಲಿ, ಒಂದು ಪೇಪರನ್ನೂ ಮುಂದಿನ ವರ್ಷಕ್ಕೆ ಬಿಡಬಾರದು.

ಎರಡನೆಯ ವರ್ಷದ ಕೊನೆಯಲ್ಲಿ ಅವಳಿಗೂ ಸಂಬಂಧ ಬಂತು. ಹುಡುಗ ಕಮಲಾಪುರದ ಓಬಳೇಶ, ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವವನು. ಮಾತುಕತೆಗೆ ಕುಳಿತ ದಿನ ಅಂಜಿನಯ್ಯ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, "ಹುಡುಗಿ ಓದು ಮುಗಿಸ್ತಾಳ್ರಿ. ಅದೊಂದು ನೀವು ನಡಿಸಿಕೊಡಬೇಕು," ಎಂದ.

"ಓದ್ಲಿ ಬಿಡ್ರಿ, ಯಾರು ಬ್ಯಾಡ ಅಂತಾರ?" ಎಂದಳು ತಾಯಕ್ಕ. "ಆದ್ರ ನಮ್ದು ನಾಟಿ ಹಚ್ಚೋ ಮನಿ. ನನ್ನ ಮೊಣಕಾಲು ಹೋಗ್ಯಾವು. ಹಂಗಾಮಿನಾಗ ಆಕಿ ಕೆಸರಿಗೆ ಇಳೀಬೇಕು."

ಯಾರೂ ಕೇಳದಿದ್ದರೂ ಒಳಮನೆಯ ಬಾಗಿಲಿನಿಂದ ಗಾಯತ್ರಿಯ ದನಿ ಬಂತು. "ಇಳೀತೀನ್ರಿ. ಓದೂದೂ ಓದ್ತೀನಿ."

ತಾಯಕ್ಕ ಬಾಗಿಲ ಕಡೆ ತಿರುಗಿ ನೋಡಿದಳು. "ಹುಡುಗಿಗೆ ಬಾಯಿ ಐತಿ. ಚಲೋ ಆತು. ನಮ್ಮ ಓಬಳೇಶಗ ಅದೊಂದು ಇಲ್ಲ."

ಹಾಗೆ ಗಾಯತ್ರಿ ಕಮಲಾಪುರದ ಸೊಸೆಯಾದಳು, ತಾಯಕ್ಕನ ನಾಟಿ ಗುಂಪಿನ ಆಳೂ ಆದಳು.

ಈ ಗುಂಪಿನ ಬಗ್ಗೆ ಸ್ವಲ್ಪ ಹೇಳಬೇಕು. ಸುತ್ತಲಿನ ಭತ್ತದ ಗದ್ದೆಗಳ ನಾಟಿಯನ್ನು ಹೆಂಗಸರ ಗುಂಪುಗಳು ಗುತ್ತಿಗೆ ಹಿಡಿಯುತ್ತವೆ. ತಾಯಕ್ಕನ ಗುಂಪಿನ ಕಟ್ಟಳೆ ಒಂದೇ: ಮನೆಗೊಂದು ಆಳು. ನಾಟಿಯ ದಿನ ಪ್ರತಿ ಮನೆಯಿಂದ ಒಬ್ಬರು ಸಾಲಿನಲ್ಲಿ ನಿಲ್ಲಲೇಬೇಕು. ಕೂಲಿ ಕೊಟ್ಟು ಕರೆತಂದ ಹೊರಗಿನ ಆಳು ನಡೆಯುವುದಿಲ್ಲ, ಮನೆಯವರೇ ಆಗಬೇಕು. ಆಳು ತಪ್ಪಿಸಿದ ಮನೆ ಆ ಹಂಗಾಮಿಗೆ ಗುಂಪಿನಿಂದ ಹೊರಗೆ. ಬಿಗಿಯಾದ ಕಟ್ಟಳೆ ನಿಜ, ಆದರೆ ಅದರಿಂದಲೇ ಗುಂಪಿಗೆ ಹೆಸರು. ತಾಯಕ್ಕ ಹೇಳಿದ ದಿನ ನಾಟಿ ಮುಗಿಯುತ್ತದೆ ಎಂದು ಗದ್ದೆಯ ಮಾಲೀಕರೆಲ್ಲ ನಂಬಿದ್ದರು. ಮೊಣಕಾಲು ಹೋದ ಮೇಲೆ ತಾಯಕ್ಕ ಬದುವಿನ ಮೇಲೆ ನಿಂತು ಸಾಲು ನೋಡಿಕೊಳ್ಳುತ್ತಿದ್ದಳು. ಅವಳ ಮನೆಯ ಆಳು ಗಾಯತ್ರಿ.

ಗಾಯತ್ರಿ ಕೊಟ್ಟ ಮಾತು ನಡೆಸಿದಳು. ಬೆಳಿಗ್ಗೆ ಸಸಿ ಹಚ್ಚುವಾಗ ಹಿಂದಿನ ದಿನ ಓದಿದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹಚ್ಚುವ ಎಲ್ಲಮ್ಮ, "ಏನ್ ಜಪಾ ಮಾಡ್ತೀಯೇ?" ಎಂದು ರೇಗಿಸುತ್ತಿದ್ದಳು. "ಸವಕಳಿ, ಎಲ್ಲಮ್ಮತ್ತಿ. ಯಂತ್ರ ವರ್ಷ ವರ್ಷ ಎಷ್ಟು ಸವೀತಾವ ಅಂತ ಲೆಕ್ಕ." "ನನ್ನ ಸೊಂಟದ್ದೂ ಒಂದೀಟು ಹಾಕು," ಎನ್ನುತ್ತಿದ್ದಳು ಎಲ್ಲಮ್ಮ.

ಕೊನೆಯ ಸೆಮಿಸ್ಟರಿನ ಪರೀಕ್ಷೆಗಳು ಸರಿಯಾಗಿ ನಾಟಿಯ ಕಾಲಕ್ಕೆ ಬಂದವು. ಪುಣ್ಯಕ್ಕೆ ಎಲ್ಲ ಪೇಪರೂ ಮಧ್ಯಾಹ್ನವಿದ್ದವು. ಅವಳು ಊಟದ ಹೊತ್ತಿನವರೆಗೆ ಹಚ್ಚಿ, ಕಾಲುವೆಯಲ್ಲಿ ಕೈಕಾಲು ತೊಳೆದು, ಸೀರೆ ಬದಲಿಸಿ ಬಸ್ಸು ಹಿಡಿಯುತ್ತಿದ್ದಳು. ಬೆಳಿಗ್ಗೆ ಸಾಲು ಶುರುವಾಗುವಾಗ ಇದ್ದರೆ ಅರ್ಧ ದಿನ ನಿಂತರೂ ಆಳು ನಿಂತ ಹಾಗೆಯೇ ಎಂದು ಗುಂಪು ಒಪ್ಪಿತ್ತು. ಉಳಿದದ್ದು ಒಂದೇ ಪೇಪರು, ಆದಾಯ ತೆರಿಗೆ.

ಆ ಪೇಪರಿನ ದಿನ ಜೋರು ಮಳೆಯೆಂದು ರಜೆ ಕೊಟ್ಟರು. ಪರೀಕ್ಷೆ ಮುಂದಿನ ಬುಧವಾರಕ್ಕೆ ಹೋಯಿತು, ಅದೂ ಬೆಳಗಿನ ಹೊತ್ತಿಗೆ.

ಅದೇ ಬುಧವಾರ ಕಡ್ಡಿರಾಂಪುರದ ಮೈಲಾರಲಿಂಗಪ್ಪನ ಗದ್ದೆಗೆ ಕಾಲುವೆ ನೀರಿನ ಪಾಳಿ. ಕೆಸರು ಹದವಾಗಿತ್ತು, ಸಸಿ ಕೀಳಲು ಆಳು ಹೇಳಿಯಾಗಿತ್ತು. ಬೆಳಿಗ್ಗೆಯೇ ಇಳಿಯಬೇಕು, ಸಂಜೆಯೊಳಗೆ ಮುಗಿಸಬೇಕು.

ಸೋಮವಾರ ಸಂಜೆ ಗಾಯತ್ರಿ ಫೋನಿನಲ್ಲಿ ಬಂದ ಸುದ್ದಿಯನ್ನು ಓದಿ ಹೇಳಿದಾಗ ತಾಯಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ವಾರದ ರಜೆಗೆ ಮನೆಗೆ ಬಂದಿದ್ದ ಓಬಳೇಶ ತಟ್ಟೆಯ ಮುಂದೆ ಕುಳಿತಿದ್ದ.

"ಮುಂದಿನ ವರ್ಷ ಬರದ್ರ ಆಗಂಗಿಲ್ಲೇನು?" ಎಂದಳು ತಾಯಕ್ಕ.

"ಆಗಂಗಿಲ್ಲ ಅತ್ತಿ. ಹಂಗಂದ ಹುಡುಗ್ಯಾರು ಯಾರೂ ತಿರುಗಿ ಬಂದಿಲ್ಲ. ನಾ ಕಣ್ಣಾರೆ ನೋಡೀನಿ."

ತಾಯಕ್ಕ ಒಂದು ರೊಟ್ಟಿ ತಿರುವಿ ಹಾಕಿದಳು. "ಹಂಗಾರ ನಾನೇ ಇಳೀತೀನಿ."

ಇಳಿಯುತ್ತೇನೆ ಎಂದವಳು ಅಲ್ಲೇ ಎದ್ದು, ಸೆರಗು ಬಿಗಿದು, ಸಸಿ ಹಚ್ಚುವವರಂತೆ ಬಗ್ಗಿ ತೋರಿಸಿದಳು. ಬಗ್ಗಿದ್ದೇನೋ ಆಯಿತು. ಏಳಲು ಆಗಲಿಲ್ಲ. ಮಗ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಎಬ್ಬಿಸಬೇಕಾಯಿತು.

ಗಾಯತ್ರಿ ಗಂಡನನ್ನೇ ನೋಡುತ್ತಿದ್ದಳು. "ಏನ್ರಿ, ನಿಮ್ಮ ಗಣ್ಯಾಗ ಒಬ್ಬ ಡ್ರೈವರ್ ಬರಲಿಲ್ಲ ಅಂದ್ರ ಏನ್ ಮಾಡ್ತಾರ?"

"ಇನ್ನೊಬ್ಬ ಹತ್ತತಾನ."

"ಟಿಪ್ಪರ್ ಏನರ ಕೇಳತೈತೇನು, ನೀ ಯಾರು ಅಂತ?"

ಓಬಳೇಶನಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಹೊಳೆಯಿತು. ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. "ನಾನಾ? ನಾಟಿಗಾ? ಏ, ಬ್ಯಾಡ. ಗಣ್ಯಾಗ ಗೊತ್ತಾದ್ರ ನಾಟಿ ಓಬಳೇಶ ಅಂತ ಹೆಸರಿಡ್ತಾರ."

"ಇಡ್ಲಿ. ನನಗ ಮೂರು ವರ್ಷದಿಂದ ಕಾಲೇಜ್ ಗಾಯತ್ರಿ ಅಂತ ಅಣಕಸ್ತಾರ. ನಾ ಏನ್ ಸವದು ಹೋದ್ನೇನು?" ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತಿ, ಕಟ್ಟಳಿ ಏನು? ಮನಿಗೊಂದು ಆಳು. ಹೆಣ್ಣಾಳೇ ಆಗಬೇಕು ಅಂತ ಐತೇನು?"

ತಾಯಕ್ಕನ ಮುಖ ಬಿಗಿಯಿತು. "ಆಗಂಗಿಲ್ಲ."

"ಯಾಕ?"

"ಆಗಂಗಿಲ್ಲ ಅಂದ್ರ ಆಗಂಗಿಲ್ಲ. ತಿಪ್ಪಕ್ಕನ ಮುಂದ ನಾ ಹೆಂಗ ತಲಿ ಎತ್ತಲಿ?"

ಆಗ ಗಾಯತ್ರಿಗೆ ನೆನಪಾಯಿತು. ತಿಪ್ಪಕ್ಕ ಅದೇ ಓಣಿಯವಳು. ಕಡ್ಡಿರಾಂಪುರದ ರಸ್ತೆ ಬದಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಹೋದ ವರ್ಷದವರೆಗೂ ಅವಳ ಮಗಳು ದುರ್ಗಾ ಆ ಮನೆಯ ಆಳಾಗಿ ಗುಂಪಿನಲ್ಲಿದ್ದಳು. ದುರ್ಗಾಳಿಗೆ ಪಿಯುಸಿಯಲ್ಲಿ ಉಳಿದಿದ್ದ ಒಂದು ವಿಷಯದ ಪರೀಕ್ಷೆ ನಾಟಿಯ ದಿನವೇ ಬಂದಾಗ, ತಿಪ್ಪಕ್ಕ ಆಟೋ ಓಡಿಸುವ ಮಗ ಮಲ್ಲಿಕಾರ್ಜುನನನ್ನು ಕಳಿಸುತ್ತೇನೆ ಎಂದಿದ್ದಳು. ತಾಯಕ್ಕ ಒಪ್ಪಿರಲಿಲ್ಲ. ತಿಪ್ಪಕ್ಕ ಮಗಳನ್ನು ಪರೀಕ್ಷೆಗೇ ಕಳಿಸಿದಳು, ಅವಳ ಮನೆ ಗುಂಪಿನಿಂದ ಹೊರಗೆ ಬಿತ್ತು. ದುರ್ಗಾ ಪಾಸಾದಳು. ಆದರೆ ಗುಂಪಿನ ಕೂಲಿ ನಿಂತಿದ್ದರಿಂದ ಕಾಲೇಜಿಗೆ ಸೇರದೆ ತಾಯಿಯ ಜೊತೆ ಖಾನಾವಳಿಗೆ ಹೋಗತೊಡಗಿದಳು. ಈ ಹಂಗಾಮಿನಲ್ಲೂ ಅವರನ್ನು ಯಾರೂ ತಿರುಗಿ ಕರೆದಿರಲಿಲ್ಲ. ತಿಪ್ಪಕ್ಕನೂ ಕೇಳಿರಲಿಲ್ಲ.

ಗಾಯತ್ರಿ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು. "ಹಂಗಾರ ಮೊದ್ಲು ಅವರ ಮನಿಗೆ ಹೋಗೂನು ನಡೀರಿ ಅತ್ತಿ. ತಿಪ್ಪಕ್ಕತ್ತಿ ಒಪ್ಪಲಿಲ್ಲ ಅಂದ್ರ ನಾ ಬುಧವಾರ ಕೆಸರಿಗೆ ಇಳೀತೀನಿ. ಆಕಿ ಮಗಳಿಗೆ ಇಲ್ಲದ್ದು ನನಗೂ ಬ್ಯಾಡ."

ಮೂರು ವರ್ಷ ಜೋಪಾನ ಮಾಡಿದ್ದನ್ನು ಅವಳು ಬೇರೊಬ್ಬಳ ಅಂಗಳದಲ್ಲಿ ಇಡಲು ಹೊರಟಿದ್ದಳು. ಆದರೂ ತಿಪ್ಪಕ್ಕನನ್ನು ಕೇಳದೆ ಗಂಡನನ್ನು ಇಳಿಸಿದರೆ ಕಟ್ಟಳೆ ಮುರಿಯುತ್ತದೆ, ಕೇಳಿ ಇಳಿಸಿದರೆ ಮುರಿಯುವುದಿಲ್ಲ ಎಂಬ ಧೈರ್ಯವಿತ್ತು.

ಮಂಗಳವಾರ ಬೆಳಿಗ್ಗೆ ಅತ್ತೆ ಸೊಸೆ ಹೋದಾಗ ತಿಪ್ಪಕ್ಕ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ದುರ್ಗಾ ಗಾಯತ್ರಿಯನ್ನು ನೋಡಿ ಸಣ್ಣಗೆ ನಕ್ಕು, ತಾಯಿಯ ಮುಖ ನೋಡಿ ನಗು ನುಂಗಿದಳು.

"ಕುಂದ್ರು ಅನ್ನೂದಿಲ್ಲೇನು?" ಎಂದಳು ತಾಯಕ್ಕ.

"ಗುಂಪಿನ ಮುಂದಾಳು ಬಂದೀ. ನನ್ನ ಕಟ್ಟಿ ನಿನಗ ಸಾಲತೈತೋ ಇಲ್ಲೋ."

ತಾಯಕ್ಕ ತಾನೇ ಕಟ್ಟೆಯ ಮೇಲೆ ಕುಳಿತಳು. "ನಾಳಿ ಗಾಯತ್ರಿಗೆ ಪರೀಕ್ಷೆ ಐತಿ. ನಮ್ಮನಿ ಆಳಾಗಿ ಓಬಳೇಶ ಇಳೀತಾನ ಅಂತಾಳ."

ಮೊರದ ಸದ್ದು ನಿಂತಿತು. "ಟಿಪ್ಪರ್ ಓಬಳೇಶ? ನಾಟಿಗೆ?"

"ಹೂಂ."

"ಹೋದ ವರ್ಷ ನಾ ಮಲ್ಲಿಕಾರ್ಜುನನ್ನ ಕಳಸ್ತೀನಿ ಅಂದಾಗ ಏನಂದಿ? ನೆನಪೈತೇನು? ಗಂಡಸು ಸಾಲಿನಾಗ ನಿಂತ್ರ ಸಸಿ ನಗ್ತಾವ ಅಂದಿ. ಎಲ್ಲಾರೂ ನಕ್ರು."

"ಅಂದಿದ್ದೆ."

"ನನ್ನ ಮಗಳ ಪರೀಕ್ಷೆಗೆ ಬಾಗದ ಸಾಲು ನಿನ್ನ ಸೊಸಿ ಪರೀಕ್ಷೆಗೆ ಬಾಗತೈತೇನು ತಾಯಕ್ಕ?"

ಗಾಯತ್ರಿ ಅತ್ತೆಯನ್ನು ನೋಡಿದಳು. ತಾಯಕ್ಕ ಯಾರ ಮುಂದೆಯೂ ಮಾತು ಹಿಂತೆಗೆದುಕೊಂಡವಳಲ್ಲ. ಅವಳು ತನ್ನ ಮೊಣಕಾಲನ್ನು ಒತ್ತಿಕೊಳ್ಳುತ್ತ ಕುಳಿತಳು. ಆಮೇಲೆ, "ಆವತ್ತು ನಾ ಅಂದದ್ದು ತಪ್ಪು," ಎಂದಳು. "ಕಟ್ಟಳಿ ಹಂಗಿರಲಿಲ್ಲ. ನಾನೇ ಹಂಗ ಮಾಡಿದೆ. ನಿಮ್ಮನಿ ಗುಂಪಿಗೆ ಬರ್ಲಿ ತಿಪ್ಪಕ್ಕ, ನಾಳಿಂದಲೇ."

"ಇಲ್ಲಿ ನಾಕು ಗ್ವಾಡಿ ಮುಂದ ಅಂದ್ರ ಆತೇನು?"

"ಮತ್ತ?"

"ನಾಳಿ ಬದುವಿನ ಮ್ಯಾಲ ನಿಂತು, ಎಲ್ಲಾರ ಮುಂದ ಅನ್ನು."

"ಅಂತೀನಿ."

"ಮತ್ತ ದುರ್ಗಾ ಬರಂಗಿಲ್ಲ. ನಮ್ಮನಿ ಆಳು ಮಲ್ಲಿಕಾರ್ಜುನ. ಯಾರನ್ನ ಬ್ಯಾಡ ಅಂದಿದ್ದ್ಯೋ ಅವನ್ನೇ ಕರಕೊಂಡು ಹೋಗು."

"ಬರ್ಲಿ."

ತಿಪ್ಪಕ್ಕ ಮೊರ ಕೆಳಗಿಟ್ಟು ಗಾಯತ್ರಿಯ ಕಡೆ ನೋಡಿದಳು. "ಯಾವ ಪರೀಕ್ಷೆಯೇ ನಿಂದು?"

"ಆದಾಯ ತೆರಿಗಿ, ಅತ್ತಿ."

"ತೆರಿಗಿ ಕಟ್ಟೋವಂಥ ಆದಾಯ ಈ ಓಣ್ಯಾಗ ಯಾರಿಗೈತೇ?"

"ಯಾರಿಗೂ ಇಲ್ಲ. ಕಟ್ಟೋರ ಲೆಕ್ಕ ಬರಿಯೋ ಕೆಲಸ ನನಗ ಸಿಗಲಿ ಅಂತ ಓದ್ತೀನಿ."

ತಿಪ್ಪಕ್ಕ ತಡೆಯಲಾರದೆ ನಕ್ಕಳು. "ದುರ್ಗಾ, ಚಾ ಇಡು," ಎಂದಳು.

ಅಂದು ಸಂಜೆ ಓಬಳೇಶ ಗೊಣಗುತ್ತಲೇ ಗಣಿಯ ಗೆಳೆಯನಿಗೆ ಫೋನ್ ಮಾಡಿ ತನ್ನ ಕೆಲಸದ ಪಾಳಿ ಬದಲಿಸಿಕೊಂಡ. ಕಾರಣ ಕೇಳಿದರೆ ಮನೆಯಲ್ಲಿ ಕೆಲಸವಿದೆ ಎಂದ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಲ ಅಗೆದು, ಕೆಸರು ಮಾಡಿ, ಗಾಯತ್ರಿ ಅವನಿಗೆ ನಾಟಿ ಕಲಿಸಿದಳು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯ ಬೆರಳ ತುದಿಯಲ್ಲಿ ಎರಡು ಮೂರು ಸಸಿ, ಒತ್ತಿ ಬಿಡಬೇಕು. ಅವನು ಒತ್ತಿದ್ದೆಲ್ಲ ಚೆನ್ನಾಗಿಯೇ ನಿಂತಿತು. ಆದರೆ ಒಂದು ಸಾಲು ಮುಗಿಸಿ ಅವನು ಮುಂದಕ್ಕೆ ಹೆಜ್ಜೆಯಿಟ್ಟ.

"ಹಿಂದಕ್ಕ ಹೋಗ್ರಿ, ಹಿಂದಕ್ಕ! ಮುಂದ ಬಂದ್ರ ಹಚ್ಚಿದ್ದನ್ನ ನೀವೇ ತುಳೀತೀರಿ."

"ರಿವರ್ಸ್ ಗೇರ್ ಅಂತ ಮೊದ್ಲೇ ಹೇಳಬಾರದೇನು?"

"ಹೇಳೋದೇನ್ ಐತಿ? ಹುಟ್ಟಿದಾಗಿಂದ ಗದ್ದಿ ನೋಡೀರಿ."

"ನೋಡೀನಿ. ಬದುವಿನ ಮ್ಯಾಲ ನಿಂತು ನೋಡೀನಿ," ಎಂದು ಓಬಳೇಶ ಸೊಂಟ ಹಿಡಿದುಕೊಂಡ.

ಬುಧವಾರ ಬೆಳಿಗ್ಗೆ ಗುಂಪಿನವರು ಟಂಟಂ ಗಾಡಿ ಹತ್ತಿ ಕಡ್ಡಿರಾಂಪುರಕ್ಕೆ ಹೊರಟರು. ಗಾಯತ್ರಿ ಹೊಸಪೇಟೆಯ ಬಸ್ಸು ಹತ್ತಿದಳು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೂ ಅವಳ ಮನಸ್ಸು ಗದ್ದೆಯಲ್ಲೇ ಇತ್ತು. ಅತ್ತೆ ಎಲ್ಲರ ಮುಂದೆ ಆ ಮಾತು ಹೇಳಿದಳೋ ಇಲ್ಲವೋ. ಹೇಳದಿದ್ದರೆ ತಿಪ್ಪಕ್ಕ ಮಗನನ್ನು ಎಬ್ಬಿಸಿಕೊಂಡು ಹೋಗುತ್ತಾಳೆ, ಓಬಳೇಶನೂ ಹೊರಗೆ ಬರಬೇಕು. ಅಥವಾ ಅವನೇ ಮುಂದಕ್ಕೆ ಹೆಜ್ಜೆಯಿಟ್ಟು ಎಲ್ಲರ ಸಾಲನ್ನೂ ತುಳಿದರೆ? ಅವಳು ಕಣ್ಣು ಮುಚ್ಚಿ, ಇಲ್ಲಿ ಕುಳಿತು ಅಲ್ಲಿನ ಸಾಲು ನೆಟ್ಟಗೆ ಮಾಡಲಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ತನ್ನ ಕೈಯಲ್ಲಿರುವ ಸಾಲು ಇದು. ಮೊದಲ ಪ್ರಶ್ನೆ ಮನೆ ಬಾಡಿಗೆಯಿಂದ ಬರುವ ಆದಾಯದ ಲೆಕ್ಕ. ಅದನ್ನು ಅವಳು ಎಲ್ಲಮ್ಮನ ಪಕ್ಕದಲ್ಲಿ ಎಷ್ಟು ಸಲ ಬಾಯಲ್ಲಿ ಹೇಳಿಕೊಂಡಿದ್ದಳೋ! ಪೆನ್ನು ಊರಿದ ಮೇಲೆ ಕೈ ನಿಲ್ಲಲಿಲ್ಲ. ಗಂಟೆ ಹೊಡೆದಾಗ ಕೊನೆಯ ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದಳು.

ಹೊರಗೆ ಬಂದವಳು ಹಂಪಿಯ ಬಸ್ಸು ಹಿಡಿದು ಕಡ್ಡಿರಾಂಪುರದಲ್ಲಿ ಇಳಿದಳು. ದೂರದಿಂದಲೇ ನಗು ಕೇಳಿಸಿತು. ಓಬಳೇಶ ಮೊಣಕಾಲವರೆಗೆ ಕೆಸರಲ್ಲಿ, ಹೆಂಗಸರ ಸಾಲಿನ ನಡುವೆ ಬಗ್ಗಿದ್ದ. ಮಲ್ಲಿಕಾರ್ಜುನ ಅವನ ಆಚೆ. ಮಲ್ಲಿಕಾರ್ಜುನನ ಸಾಲು ದಾರ ಹಿಡಿದ ಹಾಗೆ ನೆಟ್ಟಗಿತ್ತು. ಓಬಳೇಶನ ಸಾಲು ಎಡಕ್ಕೆ ಹೋಗಿ, ಏನೋ ನೆನಪಾದಂತೆ ಬಲಕ್ಕೆ ಬಂದು, ಮತ್ತೆ ಎಡಕ್ಕೆ ತಿರುಗಿತ್ತು.

"ಗಾಯತ್ರೀ, ಬಂದು ನೋಡು!" ಎಂದು ಎಲ್ಲಮ್ಮ ಕೂಗಿದಳು. "ನಿನ್ನ ಗಂಡ ಗದ್ಯಾಗ ಸಂಡೂರು ಘಾಟ್ ಹಚ್ಯಾನ!"

"ತಿರುವಿನಾಗ ಹಾರ್ನ್ ಹೊಡೀತಾನೋ ಇಲ್ಲೋ ಕೇಳು," ಎಂದ ಮಲ್ಲಿಕಾರ್ಜುನ.

"ನಗ್ರಿ, ನಗ್ರಿ," ಎಂದ ಓಬಳೇಶ ತಲೆ ಎತ್ತದೆ. "ಒಂದು ಸಸಿನೂ ತುಳಿದಿಲ್ಲ. ಅದನ್ನ ಯಾರೂ ಹೇಳಂಗಿಲ್ಲ."

ಗಾಯತ್ರಿಯ ಕಣ್ಣು ಬದುವಿನ ಮೇಲೆ ಹೋಯಿತು. ತಾಯಕ್ಕನ ಪಕ್ಕದಲ್ಲಿ ತಿಪ್ಪಕ್ಕ ನಿಂತಿದ್ದಳು. ಖಾನಾವಳಿಯ ಕೆಲಸದ ನಡುವೆ ಬಂದಿದ್ದಳು, ಕೈಯಲ್ಲಿ ಹಿಟ್ಟು ಇನ್ನೂ ಇತ್ತು.

"ಅಂದ್ಲೇನು?" ಎಂದು ಗಾಯತ್ರಿ ತಿಪ್ಪಕ್ಕನ ಕಿವಿಯಲ್ಲಿ ಕೇಳಿದಳು.

"ಅಂದ್ಲು. ಎಷ್ಟು ಜೋರು ಅಂದ್ಲು ಅಂದ್ರ, ರಸ್ತ್ಯಾಗ ಬಸ್ಸಿಗೆ ನಿಂತವ್ರೂ ತಿರುಗಿ ನೋಡಿದ್ರು." ತಿಪ್ಪಕ್ಕ ತಾಯಕ್ಕನನ್ನು ಓರೆಗಣ್ಣಿನಿಂದ ನೋಡಿದಳು. "ಇನ್ನೊಮ್ಮೆ ಅನ್ನು ಅಂದೆ. ಬೈದ್ಲು."

"ಪರೀಕ್ಷೆ ಹೆಂಗಾತು?" ಎಂದು ತಾಯಕ್ಕ ಗದರುವ ದನಿಯಲ್ಲಿ ಕೇಳಿದಳು.

"ಚಲೋ ಆತು ಅತ್ತಿ. ಪಾಸಾಗ್ತೀನಿ."

"ಮತ್ತೇನ್ ನಿಂತೀ? ಇಳಿ."

ಗಾಯತ್ರಿ ಹಾಲ್ ಟಿಕೆಟನ್ನು ಚೀಲದಲ್ಲಿಟ್ಟು, ಸೀರೆ ಎತ್ತಿ ಕಟ್ಟಿ ಗಂಡನ ಪಕ್ಕದಲ್ಲಿ ಇಳಿದಳು. ಗದ್ದೆಯ ಮಾಲೀಕ ಮೈಲಾರಲಿಂಗಪ್ಪ ಸಂಜೆ ಬಂದು ಆ ಡೊಂಕು ಸಾಲನ್ನು ನೋಡಿ ಹುಬ್ಬು ಗಂಟಿಕ್ಕಿದ. ಕಿತ್ತು ಹಚ್ಚಿಕೊಡುತ್ತೇವೆ ಎಂದು ತಾಯಕ್ಕ ಹೇಳುವಷ್ಟರಲ್ಲಿ ಅವನೇ, "ಇರ್ಲಿ ಬಿಡ್ರಿ. ಬೇರು ಹಿಡಿದ್ರ ಸಾಕು," ಎಂದ.

ಬೇರು ಹಿಡಿಯಿತು. ಕಳೆ ಕೀಳಲು ಗುಂಪು ಮತ್ತೆ ಅದೇ ಗದ್ದೆಗೆ ಬಂದಿದ್ದಾಗ ಫಲಿತಾಂಶ ಬಂತು. ದುರ್ಗಾ ಖಾನಾವಳಿಯಿಂದ ಫೋನ್ ಹಿಡಿದು ಬದುವಿನ ಮೇಲೆ ಓಡಿಬಂದಳು. ಗಾಯತ್ರಿಯ ಕೈ ಕೆಸರಾಗಿದ್ದರಿಂದ ದುರ್ಗಾಳೇ ನಂಬರು ಒತ್ತಿ ನೋಡಬೇಕಾಯಿತು. ಅವಳು ಒಂದೊಂದೇ ವಿಷಯ ಓದಿದಳು. ಎಲ್ಲ ಪಾಸು. ಎಲ್ಲಕ್ಕಿಂತ ಹೆಚ್ಚು ಅಂಕ ಆದಾಯ ತೆರಿಗೆಯಲ್ಲೇ ಬಂದಿತ್ತು.

ಹೆಂಗಸರು ಕೂಗಾಡಿ ಮುಗಿಸಿದ ಮೇಲೆ ತಿಪ್ಪಕ್ಕ ಬಂದಳು. ಗಾಯತ್ರಿಯ ಗಲ್ಲ ಸವರಿ, ತಾಯಕ್ಕನ ಕಡೆ ತಿರುಗಿದಳು. "ಬರೋ ವರ್ಷ ದುರ್ಗಾನ್ನ ಹೊಸಪೇಟಿ ಕಾಲೇಜಿಗೆ ಹಾಕ್ತೀನಿ. ಮೂರು ವರ್ಷ ನಮ್ಮನಿ ಆಳು ಮಲ್ಲಿಕಾರ್ಜುನ. ಈಗಲೇ ಹೇಳೀನಿ, ಆಮ್ಯಾಲ ಸಸಿ ನಗ್ತಾವ ಅನ್ನಬ್ಯಾಡ."

"ಅವನ ಸಾಲು ನೋಡಿ ಯಾವ ಸಸಿ ನಗತೈತಿ?" ಎಂದಳು ತಾಯಕ್ಕ. "ನಗೋದೇನಿದ್ರೂ ನನ್ನ ಮಗನ ಸಾಲು ನೋಡಿ."

ದುರ್ಗಾ ಫೋನು ಮಡಿಲಲ್ಲಿಟ್ಟುಕೊಂಡು ಬದುವಿನ ಮೇಲೆಯೇ ಕುಳಿತಳು. "ಅಕ್ಕಾ, ಬಿ.ಕಾಂ. ಭಾಳ ಕಷ್ಟನೇನು?" ಎಂದು ಕೇಳಿದಳು.

"ಕಷ್ಟ ಏನಿಲ್ಲ. ಇಲ್ಲಿ ಇಳಿ, ಹೇಳ್ತೀನಿ," ಎಂದಳು ಗಾಯತ್ರಿ. ದುರ್ಗಾ ಲಂಗ ಎತ್ತಿ ಕಟ್ಟಿ ಇಳಿದಳು. ಇಬ್ಬರೂ ಓಬಳೇಶನ ಸಾಲು ಹಿಡಿದು, ಅದು ಎಡಕ್ಕೆ ಹೋದಲ್ಲಿ ಎಡಕ್ಕೆ, ಬಲಕ್ಕೆ ತಿರುಗಿದಲ್ಲಿ ಬಲಕ್ಕೆ, ಕಳೆ ಕೀಳುತ್ತ ಹೋದರು.